ಹಳೇ ಲಾರಿ ಆಯಿಲ್ ತಿನ್ನುತ್ತಿದೆಯಾ? ಎಂಜಿನ್ ಇಳಿಸುವ ಮುಂಚೆ ಇಷ್ಟು ನೋಡಿ

ಸೈಲೆನ್ಸರ್‌ನಲ್ಲಿ ಸ್ವಲ್ಪ ನೀಲಿ ಹೊಗೆ ಕಂಡರೆ ಸಾಕು, ಗ್ಯಾರೇಜಿನಲ್ಲಿ ಮೊದಲು ಬರುವ ಮಾತು ಒಂದೇ: "ಅಣ್ಣ, ಬೋರ್ ಹೋಗಿದೆ, ಎಂಜಿನ್ ಇಳಿಸಬೇಕು." ಬೋರ್ ಅಂದರೆ ಪಿಸ್ಟನ್ ಆಡುವ ಸಿಲಿಂಡರ್‌ನ ಒಳಗೋಡೆ, ಅದು ಸವೆದಿದೆ ಅಂತ ಅರ್ಥ. ಕೆಲವು ಸಲ ಅದು ನಿಜವೇ. ಆದರೆ ಲಾರಿಯಲ್ಲಿ ಆಯಿಲ್ ಖಾಲಿಯಾಗೋಕೆ ಬೋರ್ ಒಂದೇ ದಾರಿ ಅಲ್ಲ. ಟರ್ಬೊ, ಏರ್ ಕಂಪ್ರೆಸರ್, ಕ್ರ್ಯಾಂಕಿನ ಹಿಂದಿನ ಸೀಲ್, ವಾಲ್ವ್ ಗೈಡ್, ಆಯಿಲ್ ಕೂಲರ್, ಎಲ್ಲವೂ ಆಯಿಲ್ ಹೊರಗೆ ಹಾಕಬಲ್ಲವು. ಇವುಗಳಲ್ಲಿ ಹೆಚ್ಚಿನವನ್ನು ಎಂಜಿನ್ ಇಳಿಸದೆಯೇ ಸರಿ ಮಾಡಬಹುದು. ಬೋರ್ ಕೆಲಸಕ್ಕೆ ದುಡ್ಡು ಸುರಿದು ಗಾಡಿ ಹೊರಗೆ ತಂದ ಮೇಲೂ ಅದೇ ನೀಲಿ ಹೊಗೆ ಬರುತ್ತಿದ್ದರೆ ಓನರ್ ಪಾಡು ಯಾರಿಗೆ ಬೇಕು? ಹಾಗಾಗಿ ಆಯಿಲ್ ಯಾವ ದಾರಿಯಲ್ಲಿ ಹೋಗುತ್ತಿದೆ ಅಂತ ಕಣ್ಣಾರೆ ನೋಡುವ ತನಕ ಎಂಜಿನ್‌ಗೆ ಕೈ ಹಾಕಿಸಬೇಡಿ.

ಇಲ್ಲಿ ಹೇಳುವುದು ಹಳೇ ಮೆಕ್ಯಾನಿಕಲ್ ಪಂಪ್ ಇರುವ ಗಾಡಿಗಳ ವಿಷಯ. ಟಾಟಾ 697 ಎಂಜಿನ್ ಇರುವವು, ಕಮಿನ್ಸ್ 6ಬಿಟಿ 5.9 ಎಂಜಿನ್ ಇರುವವು, ಅದೇ ಕಾಲದ ಲೇಲ್ಯಾಂಡ್‌ಗಳು. 697 ಅಂದರೆ 6 ಸಿಲಿಂಡರ್, 97 ಮಿ.ಮೀ. ಬೋರ್. ಕಾಮನ್ ರೈಲ್ (ಒಂದೇ ಪೈಪಿನಿಂದ ಎಲ್ಲಾ ಸಿಲಿಂಡರ್‌ಗೂ ಭಾರೀ ಒತ್ತಡದ ಡೀಸೆಲ್ ಹೋಗುವ) ಎಂಜಿನ್‌ಗೂ ಇದರಲ್ಲಿ ಸುಮಾರು ವಿಷಯ ಹೊಂದುತ್ತದೆ. ಒಂದು ಪರೀಕ್ಷೆ ಮಾತ್ರ ಅದಕ್ಕೆ ಮಾಡಲೇಬಾರದು. ಅದು ಬಂದಾಗ ಹೇಳುತ್ತೇನೆ.

ಬಣ್ಣ ನೋಡಿ, ಅದಕ್ಕಿಂತ ಜಾಸ್ತಿ ಹೊತ್ತು ನೋಡಿ

ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ನೀಲಿ ಅಂದರೆ ಆಯಿಲ್ ಸುಡುತ್ತಿದೆ. ಬಿಳಿ ಅಂದರೆ ಸುಡದೇ ಉಳಿದ ಡೀಸೆಲ್, ಇಲ್ಲವೇ ನೀರು. ಇಷ್ಟು ಎಲ್ಲರಿಗೂ ಗೊತ್ತು. ಕಷ್ಟ ಏನೆಂದರೆ ಬೆಳಗಿನ ಬಿಸಿಲಿನಲ್ಲಿ ನೀಲಿ, ಬಿಳಿ ಎರಡೂ ಒಂದೇ ಥರ ಕಾಣುತ್ತವೆ. ಹೊಗೆಯ ಹಿಂದೆ ಕಪ್ಪಗಿನ ಗೋಡೆಯೋ ಟಾರ್ಪಾಲೋ ಇರುವಂತೆ ನಿಂತು ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ಇನ್ನೂ ಅನುಮಾನ ಇದ್ದರೆ ಒಂದು ಬಿಳಿ ರಟ್ಟನ್ನು ಸೈಲೆನ್ಸರ್ ಬಾಯಿಂದ ಒಂದಡಿ ದೂರದಲ್ಲಿ ಅರ್ಧ ನಿಮಿಷ ಹಿಡಿಯಿರಿ. ನೀರಾದರೆ ಒಣಗಿ ಹೋಗುತ್ತದೆ, ಕಲೆ ಉಳಿಯುವುದಿಲ್ಲ. ಡೀಸೆಲ್ ಆದರೆ ವಾಸನೆ ಹೊಡೆಯುತ್ತದೆ, ಕಣ್ಣೂ ಉರಿಯುತ್ತದೆ. ಆಯಿಲ್ ಆದರೆ ಕಂದು ಬಣ್ಣದ ಅಂಟು ಚುಕ್ಕೆಗಳು ಕೂರುತ್ತವೆ, ಬೆರಳಲ್ಲಿ ಉಜ್ಜಿದರೆ ಜಾರುತ್ತವೆ.

ಬಣ್ಣಕ್ಕಿಂತ ದೊಡ್ಡ ಸುಳಿವು, ಹೊಗೆ ಯಾವಾಗ ಬರುತ್ತದೆ ಅನ್ನುವುದು. ಇದನ್ನು ಡ್ರೈವರ್‌ಗೆ ಕೇಳಬೇಕು. ಮೆಕ್ಯಾನಿಕ್ ಗಾಡಿಯನ್ನು ಹತ್ತು ನಿಮಿಷ ನೋಡುತ್ತಾನೆ, ಡ್ರೈವರ್ ದಿನವಿಡೀ ಕನ್ನಡಿಯಲ್ಲಿ ನೋಡುತ್ತಿರುತ್ತಾನೆ. ಕೇಳಬೇಕಾದ್ದು ಇಷ್ಟೇ: ಬೆಳಿಗ್ಗೆ ಸೆಲ್ಫ್ ಹೊಡೆದಾಗ ಮಾತ್ರವಾ? ಲೋಡ್‌ನಲ್ಲಿ ಘಾಟಿ ಹತ್ತುವಾಗಲಾ? ಟೋಲ್‌ನಲ್ಲೋ ಲೋಡಿಂಗ್ ಪಾಯಿಂಟ್‌ನಲ್ಲೋ ತುಂಬಾ ಹೊತ್ತು ಸ್ಲೋದಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಆನ್ ಇಟ್ಟು) ನಿಂತು ಹೊರಟಾಗಲಾ? ಅಥವಾ ಯಾವಾಗಲೂನಾ?

ಬೆಳಿಗ್ಗೆ ಒಂದೆರಡು ನಿಮಿಷ ನೀಲಿ ಬಂದು ನಿಂತು ಹೋದರೆ ವಾಲ್ವ್ ಗೈಡ್ (ಹೆಡ್‌ನಲ್ಲಿ ವಾಲ್ವ್ ಆಡುವ ಕೊಳವೆ) ಕಡೆ ಅನುಮಾನ ಪಡಿ. ರಾತ್ರಿಯೆಲ್ಲ ಹೆಡ್‌ನಿಂದ ಆಯಿಲ್ ಜಿನುಗಿ ಕೆಳಗಿಳಿದಿರುತ್ತದೆ. ತುಂಬಾ ಹೊತ್ತು ಸ್ಲೋದಲ್ಲಿ ನಿಂತು, ಆಮೇಲೆ ರೇಸ್ ಮಾಡಿದ ತಕ್ಷಣ ಒಂದು ದೊಡ್ಡ ನೀಲಿ ಮೋಡ ಎದ್ದರೆ ಟರ್ಬೊ ನೋಡಿ. ಲೋಡ್ ಬಿದ್ದಷ್ಟೂ ನೀಲಿ ಜಾಸ್ತಿ ಆದರೆ, ಬಿಸಿಯಾದ ಮೇಲೂ ನಿಲ್ಲದಿದ್ದರೆ ರಿಂಗ್ (ಪಿಸ್ಟನ್ ಸುತ್ತ ಇರುವ ಉಂಗುರ), ಬೋರ್ ಕಡೆಗೆ ಬೊಟ್ಟು ತೋರಿಸುತ್ತದೆ.

ಒಂದು ಮಾತು. ಪೆಟ್ರೋಲ್ ಗಾಡಿಯ ಪಾಠವನ್ನು ಡೀಸೆಲ್‌ಗೆ ಹಾಗೇ ತರಬೇಡಿ. ಪೆಟ್ರೋಲ್ ಎಂಜಿನ್‌ನಲ್ಲಿ ಥ್ರಾಟಲ್ ಮುಚ್ಚಿದಾಗ ಮ್ಯಾನಿಫೋಲ್ಡ್‌ನಲ್ಲಿ ಜೋರು ವ್ಯಾಕ್ಯೂಮ್ ಹುಟ್ಟಿ ವಾಲ್ವ್ ಸೀಲ್‌ನಿಂದ ಆಯಿಲ್ ಎಳೆಯುತ್ತದೆ. ಈ ಹಳೇ ಡೀಸೆಲ್‌ಗಳಲ್ಲಿ ಥ್ರಾಟಲ್ ಇಲ್ಲ, ಆ ಎಳೆತವೂ ಇಲ್ಲ. ಅದಕ್ಕೇ ಡೀಸೆಲ್ ಲಾರಿ ಲೀಟರುಗಟ್ಟಲೆ ಆಯಿಲ್ ತಿನ್ನುತ್ತಿದ್ದರೆ ವಾಲ್ವ್ ಸೀಲ್ ಒಂದನ್ನೇ ದೂರುವುದು ಅಪರೂಪಕ್ಕೆ ಮಾತ್ರ ಸರಿಯಾಗುತ್ತದೆ.

ಮೊದಲು ಲೆಕ್ಕ ಇಡಿ

"ಆಯಿಲ್ ತುಂಬಾ ಹೋಗ್ತಿದೆ" ಅನ್ನುವುದು ಲೆಕ್ಕ ಅಲ್ಲ. ಗಾಡಿಯನ್ನು ಸಮನಾದ ಜಾಗದಲ್ಲಿ ನಿಲ್ಲಿಸಿ, ಆಫ್ ಮಾಡಿ ಕಾಲು ಗಂಟೆ ಬಿಟ್ಟು, ಆಯಿಲ್ ಅಳೆಯುವ ಕಡ್ಡಿ ತೆಗೆದು ಒರೆಸಿ, ಮೇಲಿನ ಗೆರೆಗೆ ಸರಿಯಾಗಿ ಆಯಿಲ್ ತುಂಬಿ. ಕಿಲೋಮೀಟರ್ ಬರೆದುಕೊಳ್ಳಿ. 1000 ಕಿ.ಮೀ. ಓಡಿದ ಮೇಲೆ ಅದೇ ಜಾಗ, ಅದೇ ಹೊತ್ತು, ಮತ್ತೆ ಅದೇ ಗೆರೆಗೆ ತುಂಬಿ. ಹಾಕಿದ್ದನ್ನು ಅಳತೆ ಡಬ್ಬದಲ್ಲಿ ಅಳೆದೇ ಹಾಕಿ. ಲೀಟರ್‌ಗೆ 4 ಕಿ.ಮೀ. ಕೊಡುವ ಗಾಡಿ 1000 ಕಿ.ಮೀ.ಗೆ 250 ಲೀಟರ್ ಡೀಸೆಲ್ ಕುಡಿಯುತ್ತದೆ. ಒಂದು ಲೀಟರ್ ಆಯಿಲ್ ಹೋದರೆ ಅದು ಡೀಸೆಲ್‌ನ ಶೇ 0.4. ಹಳೇ ಎಂಜಿನ್‌ನಲ್ಲಿ ಶೇ 0.5ರ ಒಳಗಿದ್ದು, ಎಳೆತ ಚೆನ್ನಾಗಿದ್ದರೆ ನಾನಂತೂ ಎಂಜಿನ್ ಇಳಿಸುವ ಮಾತು ಎತ್ತುವುದಿಲ್ಲ. ಆಯಿಲ್ ಡಬ್ಬ ಗಾಡಿಯಲ್ಲಿಟ್ಟುಕೊಂಡು ಓಡಿಸುವುದೇ ಲಾಭ.

ಕಡ್ಡಿ ಗೆರೆಗಿಂತ ಮೇಲೆ ತುಂಬುವ ಚಾಳಿ ಕೆಲವರಿಗಿದೆ, "ಹೆಂಗೂ ತಿನ್ನುತ್ತಲ್ಲ" ಅಂತ. ಆಗ ಕ್ರ್ಯಾಂಕ್ ಆಯಿಲ್‌ಗೆ ಬಡಿದು ನೊರೆ ಎಬ್ಬಿಸುತ್ತದೆ, ಬ್ರೀದರ್‌ನಿಂದ (ಎಂಜಿನ್ ಒಳಗಿನ ಗಾಳಿ ಹೊರಬಿಡುವ ಪೈಪ್) ಹೊರಗೆ ಎಸೆಯುತ್ತದೆ. ಹೊಗೆ ಇನ್ನೂ ಜಾಸ್ತಿ.

ಇದರ ಉಲ್ಟಾ ಕೇಸ್ ಇನ್ನೂ ಮೋಸದ್ದು. ಹೊಗೆ ಬರುತ್ತಿದೆ, ಆದರೆ ಕಡ್ಡಿಯಲ್ಲಿ ಆಯಿಲ್ ಇಳಿಯುತ್ತಲೇ ಇಲ್ಲ, ಅಥವಾ ಏರುತ್ತಿದೆ. ಅಂದರೆ ಡೀಸೆಲ್ ಆಯಿಲ್‌ಗೆ ಸೇರುತ್ತಿದೆ. ಫೀಡ್ ಪಂಪ್ ಡಯಾಫ್ರಮ್, ಪಂಪಿನ ಒಳಗಿನ ಸೀಲ್, ಸೋರುವ ನಾಝಲ್ (ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಭಾಗ), ಯಾವುದಾದರೂ ಇರಬಹುದು. ಕಡ್ಡಿಯ ತುದಿ ಮೂಸಿ ನೋಡಿ, ಬೆರಳ ನಡುವೆ ಉಜ್ಜಿ ನೋಡಿ. ಡೀಸೆಲ್ ವಾಸನೆ ಬಂದು ಆಯಿಲ್ ನೀರುನೀರಾಗಿದ್ದರೆ ಗಾಡಿ ಓಡಿಸಬೇಡಿ. ಬೇರಿಂಗ್ ಹೋಗುತ್ತದೆ.

ಸುಡುತ್ತಿದೆಯೋ, ಸೋರುತ್ತಿದೆಯೋ

ಎಂಜಿನ್ ಹೊರಗೆಲ್ಲ ಚೆನ್ನಾಗಿ ತೊಳೆಸಿ. ರಾತ್ರಿ ನಿಲ್ಲಿಸುವಾಗ ಕೆಳಗೆ ಹಳೇ ರಟ್ಟು ಹಾಸಿ. ಚೇಂಬರ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಪ್ಯಾಕಿಂಗ್, ಟ್ಯಾಪೆಟ್ ಕವರ್, ಕ್ರ್ಯಾಂಕಿನ ಮುಂದಿನ ಮತ್ತು ಹಿಂದಿನ ಸೀಲ್‌ಗಳ ಕೆಳಗೆ ಎಲ್ಲಿ ಕಲೆ ಬಿದ್ದಿದೆ ಬೆಳಿಗ್ಗೆ ನೋಡಿ. ಹಿಂದಿನ ಸೀಲ್ ಸೋರಿದರೆ ಗೇರ್‌ಬಾಕ್ಸ್ ಮುಂದಿನ ಬೆಲ್ ಹೌಸಿಂಗ್ ಕೆಳಗೆ ತೊಟ್ಟಿಕ್ಕುತ್ತದೆ. ಕೆಲವು ಸೀಲ್ ನಿಂತಾಗ ಸೋರುವುದಿಲ್ಲ, ಓಡುವಾಗ ಮಾತ್ರ ಸೋರುತ್ತದೆ. ಹಾಗಾಗಿ ಒಂದು ಟ್ರಿಪ್ ಮುಗಿದ ತಕ್ಷಣವೂ ಕೆಳಗೆ ಬಗ್ಗಿ ನೋಡಿ. ರೇಡಿಯೇಟರ್ ಕ್ಯಾಪ್ ಕೆಳಗೆ ಜಿಡ್ಡು ತೇಲುತ್ತಿದ್ದರೆ ಆಯಿಲ್ ಕೂಲರ್ ಒಡೆದಿರಬಹುದು. ಕ್ಯಾಪ್ ತೆಗೆಯುವುದು ಎಂಜಿನ್ ತಣ್ಣಗಾದ ಮೇಲೆ ಮಾತ್ರ.

ಈಗ ಲಾರಿಗೆ ಮಾತ್ರ ಇರುವ ದಾರಿ: ಏರ್ ಕಂಪ್ರೆಸರ್. ಬ್ರೇಕಿಗೆ ಗಾಳಿ ಕೊಡುವ ಕಂಪ್ರೆಸರ್‌ಗೂ ಪಿಸ್ಟನ್, ರಿಂಗ್ ಇವೆ. ಅದಕ್ಕೆ ಆಯಿಲ್ ಹೋಗುವುದು ಎಂಜಿನ್‌ನಿಂದಲೇ. ಅದರ ರಿಂಗ್ ಸವೆದರೆ ಆಯಿಲ್ ಗಾಳಿಯ ಜೊತೆ ಏರ್ ಟ್ಯಾಂಕಿಗೆ ಹೋಗುತ್ತದೆ. ಸೈಲೆನ್ಸರ್‌ನಲ್ಲಿ ಹೊಗೆ ಇರುವುದಿಲ್ಲ, ಕೆಳಗೆ ಕಲೆ ಇರುವುದಿಲ್ಲ, ಆಯಿಲ್ ಮಾತ್ರ ಮಾಯ. ಟ್ಯಾಂಕಿನ ಡ್ರೈನ್ ಎಳೆದು ನೋಡಿ. ಸ್ವಲ್ಪ ನೀರು, ಜಿಡ್ಡು ಬರುವುದು ಸಹಜ. ಕಪ್ಪು ಆಯಿಲ್ ಬುಳಬುಳ ಅಂತ ಬಂದರೆ ಕಳ್ಳ ಸಿಕ್ಕಿದ. ಇದನ್ನು ಹಾಗೇ ಬಿಡಬಾರದು. ಆ ಆಯಿಲ್ ಬ್ರೇಕ್ ವಾಲ್ವ್‌ಗಳ ರಬ್ಬರ್ ಹಾಳುಮಾಡುತ್ತದೆ, ಹೊಗೆಗಿಂತ ಅದು ಅಪಾಯ.

ಫಿಲ್ಲರ್ ಕ್ಯಾಪ್ ಪರೀಕ್ಷೆ

ಬ್ಯಾಕ್ ಕಂಪ್ರೆಷನ್, ಅಂದರೆ ರಿಂಗ್ ದಾಟಿ ಚೇಂಬರ್‌ಗೆ ನುಗ್ಗುವ ಗ್ಯಾಸ್, ನೋಡುವುದು ಸುಲಭ, ಸ್ಪ್ಯಾನರೂ ಬೇಡ. ಗಾಡಿ ಒಂದು ರೌಂಡ್ ಓಡಿಸಿ ಎಂಜಿನ್ ಪೂರ್ತಿ ಬಿಸಿ ಮಾಡಿ. ಸ್ಲೋದಲ್ಲಿ ಬಿಟ್ಟು, ಆಯಿಲ್ ಹಾಕುವ ಕ್ಯಾಪ್ ಬಿಚ್ಚಿ, ಅದನ್ನು ತಲೆಕೆಳಗು ಮಾಡಿ ಬಾಯಿಯ ಮೇಲೆ ಸುಮ್ನೆ ಇಡಿ. ಒಳ್ಳೆ ಎಂಜಿನ್‌ನಲ್ಲಿ ಕ್ಯಾಪ್ ಸ್ವಲ್ಪ ನಡುಗುತ್ತದೆ, ಅಲ್ಲೇ ಇರುತ್ತದೆ. ಸ್ವಲ್ಪ ಆವಿ ಸುಳಿಯುತ್ತದೆ. ಸವೆದ ಎಂಜಿನ್‌ನಲ್ಲಿ ಕ್ಯಾಪ್ ಕುಣಿದು ಕೆಳಗೆ ಬೀಳುತ್ತದೆ, ಹೊಗೆ ಪುಫ್ ಪುಫ್ ಅಂತ ಲಯಕ್ಕೆ ಸರಿಯಾಗಿ ಹೊಡೆಯುತ್ತದೆ. ಆ ಲಯ ಗಮನಿಸಿ. ಒಂದೇ ಸಮನೆ ಹೊಗೆ ಬಂದರೆ ಎಲ್ಲಾ ಸಿಲಿಂಡರ್ ಸವೆದಿವೆ. ಬಿಟ್ಟು ಬಿಟ್ಟು ಒಂದು ಹೊಡೆತ ಜೋರಾಗಿ ಬಂದರೆ ಒಂದು ಸಿಲಿಂಡರ್‌ನಲ್ಲಿ ಮಾತ್ರ ರಿಂಗ್ ಮುರಿದಿರಬಹುದು, ಪಿಸ್ಟನ್ ಕಚ್ಚಿರಬಹುದು.

ಇಲ್ಲೇ ಜನ ಎಡವುವುದು. ಬ್ಯಾಕ್ ಕಂಪ್ರೆಷನ್ ಕಂಡ ಕೂಡಲೇ ಬೋರ್ ಅಂತ ತೀರ್ಮಾನ ಮಾಡುತ್ತಾರೆ. ಸವೆದ ಏರ್ ಕಂಪ್ರೆಸರ್ ಕೂಡ ಚೇಂಬರ್ ಒಳಗೆ ಗಾಳಿ ತಳ್ಳುತ್ತದೆ. ಏರ್ ಗೇಜ್ ತುಂಬಿ ಗವರ್ನರ್ ಕಟ್ ಆಗುವ ತನಕ, ಅಂದರೆ ಕಂಪ್ರೆಸರ್ ಟ್ಯಾಂಕಿಗೆ ಗಾಳಿ ತುಂಬುವುದು ನಿಲ್ಲುವ ತನಕ, ಕಾಯಿರಿ. ಕಟ್ ಆದ ಮೇಲೆ ಕ್ಯಾಪಿನ ಕುಣಿತ ತಟ್ಟನೆ ಕಡಿಮೆ ಆದರೆ ಅಪರಾಧಿ ಕಂಪ್ರೆಸರ್. ಬ್ರೀದರ್ ಪೈಪ್ ಕಟ್ಟಿಕೊಂಡಿದ್ದರೂ ಇದೇ ಲಕ್ಷಣ. ಪೈಪ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು ಗಾಳಿ ಹೊಡೆದು ಮತ್ತೆ ನೋಡಿ.

ಟರ್ಬೊ ಬದಲಿಸುವ ಮುಂಚೆ

ಟರ್ಬೊ ಹಾಕಿದ ಎರಡೇ ತಿಂಗಳಿಗೆ ಮತ್ತೆ ಆಯಿಲ್ ಹೊಡೆಯುತ್ತಿದೆ ಅನ್ನುವ ಗೋಳು ಕೇಳಿರುತ್ತೀರಿ. ಕಾರಣ ಬಹಳ ಸಲ ಟರ್ಬೊ ಅಲ್ಲ. ಟರ್ಬೊಗೆ ಹೋದ ಆಯಿಲ್ ಕೆಳಗಿನ ದಪ್ಪ ಪೈಪಿನಲ್ಲಿ ತನ್ನ ಭಾರಕ್ಕೇ ಇಳಿದು ಚೇಂಬರ್ ಸೇರಬೇಕು. ಅಲ್ಲಿ ಪಂಪ್ ಏನೂ ಇಲ್ಲ. ಆ ಪೈಪ್ ಕಟ್ಟಿದ್ದರೆ, ಬಾಗಿದ್ದರೆ, ಅಥವಾ ಚೇಂಬರ್‌ನಲ್ಲಿ ಬ್ಯಾಕ್ ಕಂಪ್ರೆಷನ್ ಜೋರಾಗಿದ್ದರೆ ಆಯಿಲ್ ಇಳಿಯುವುದಿಲ್ಲ. ಇಳಿಯದ ಆಯಿಲ್ ಸೀಲ್ ದಾಟಿ ಎಂಜಿನ್‌ಗೋ ಸೈಲೆನ್ಸರ್‌ಗೋ ಹೋಗುತ್ತದೆ. ಹೊಸ ಟರ್ಬೊ ಹಾಕಿದರೂ ಅದೇ ಕತೆ. ಅದಕ್ಕೇ ಫಿಲ್ಲರ್ ಕ್ಯಾಪ್ ಪರೀಕ್ಷೆ ಮೊದಲು, ಟರ್ಬೊ ಆಮೇಲೆ.

ಏರ್ ಫಿಲ್ಟರ್ ಕೂಡ ಇದೇ ಆಟ ಆಡುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಟರ್ಬೊ ಬಾಯಲ್ಲಿ ಎಳೆತ ಹೆಚ್ಚಿ ಸೀಲ್‌ನಿಂದ ಆಯಿಲ್ ಹೀರುತ್ತದೆ. ಹಳೇ ಕಾಲದ ಆಯಿಲ್ ಬಾತ್ ಏರ್ ಕ್ಲೀನರ್ ಇರುವ ಗಾಡಿಯಾದರೆ ಅದರ ಬಟ್ಟಲಲ್ಲಿ ಗೆರೆಗಿಂತ ಜಾಸ್ತಿ ಆಯಿಲ್ ಹಾಕಿದ್ದಾರಾ ನೋಡಿ. ಆ ಆಯಿಲ್ ನೇರ ಎಂಜಿನ್‌ಗೆ ಹೋಗಿ ನೀಲಿ ಹೊಗೆ ಬರುತ್ತದೆ, ಬೋರ್ ಪಾಪ ಚೆನ್ನಾಗೇ ಇರುತ್ತದೆ.

ಇಷ್ಟಾದ ಮೇಲೆ ಟರ್ಬೊದ ಗಾಳಿ ಕಡೆ ಹೋಸ್ ಬಿಚ್ಚಿ. ಒಳಗೆ ತೆಳ್ಳಗೆ ಜಿಡ್ಡು ಇರುವುದು ಮಾಮೂಲು. ಬೆರಳು ಹಾಕಿದರೆ ಆಯಿಲ್ ತೊಟ್ಟಿಕ್ಕುವಷ್ಟಿದ್ದರೆ ಅಲ್ಲ. ಚಕ್ರವನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಪಕ್ಕಕ್ಕೆ ಸ್ವಲ್ಪ ಆಟ ಇರಲೇಬೇಕು, ಅದು ಆಯಿಲ್ ಪದರಕ್ಕೆ ಬಿಟ್ಟ ಜಾಗ. ಒಳಗೆ-ಹೊರಗೆ ಎಳೆದಾಗ ಆಟ ಕೈಗೆ ಚೆನ್ನಾಗಿ ಸಿಕ್ಕರೆ, ಅಥವಾ ಎಲೆಗಳು ಹೌಸಿಂಗ್‌ಗೆ ಉಜ್ಜಿದ ಗುರುತಿದ್ದರೆ ಟರ್ಬೊ ಮುಗಿದಿದೆ.

ಟರ್ಬೊ ಸೀಲ್ ಪೂರ್ತಿ ಕಿತ್ತುಹೋದರೆ ಎಂಜಿನ್ ತನ್ನ ಆಯಿಲನ್ನೇ ಡೀಸೆಲ್ ಥರ ಸುಟ್ಟುಕೊಂಡು ರೇಸ್ ಆಗುತ್ತಾ ಹೋಗಬಹುದು. ಕೀ ತೆಗೆದರೂ, ಸ್ಟಾಪ್ ಎಳೆದರೂ ನಿಲ್ಲುವುದಿಲ್ಲ. ಆಗ ಟಾಪ್ ಗೇರ್ ಹಾಕಿ, ಬ್ರೇಕ್ ಪೂರ್ತಿ ಒತ್ತಿ ಹಿಡಿದು, ಕ್ಲಚ್ ಬಿಟ್ಟು ಎಂಜಿನ್ ಕುಗ್ಗಿಸಿ ನಿಲ್ಲಿಸಬೇಕು. ಅಥವಾ ಗಾಳಿ ಪೈಪಿನ ಬಾಯಿಗೆ ಗಟ್ಟಿ ಹಲಗೆ ಒತ್ತಿ ಗಾಳಿ ನಿಲ್ಲಿಸಬೇಕು. ಕೈ ಇಡಬೇಡಿ, ಬಟ್ಟೆ ತುರುಕಬೇಡಿ, ಒಳಗೆ ಎಳೆದುಕೊಳ್ಳುತ್ತದೆ. ಹತ್ತಿರ ಹೋಗುವ ಧೈರ್ಯ ಆಗದಿದ್ದರೆ ದೂರ ಓಡಿ. ಎಂಜಿನ್ ಹೋದರೆ ಹೋಗಲಿ.

ಯಾವ ಸಿಲಿಂಡರ್?

ಎಂಜಿನ್ ಸ್ಲೋದಲ್ಲಿರುವಾಗ ನಾಝಲ್‌ಗೆ ಹೋಗುವ ಪೈಪಿನ ನಟ್ ಒಂದೊಂದಾಗಿ ಸ್ವಲ್ಪ ಸಡಿಲಿಸಿ. ಆ ಸಿಲಿಂಡರ್‌ಗೆ ಡೀಸೆಲ್ ನಿಂತು ಎಂಜಿನ್ ಕುಂಟಬೇಕು. ಯಾವುದನ್ನು ಸಡಿಲಿಸಿದಾಗ ಸದ್ದಿನಲ್ಲಿ ಏನೂ ಬದಲಾಗುವುದಿಲ್ಲವೋ ಆ ಸಿಲಿಂಡರ್ ಮೊದಲೇ ಕೆಲಸ ಮಾಡುತ್ತಿಲ್ಲ. ಯಾವುದನ್ನು ಸಡಿಲಿಸಿದಾಗ ಕಪ್ಪೋ ಬಿಳಿಯೋ ಹೊಗೆ ನಿಲ್ಲುತ್ತದೋ ಅದರ ನಾಝಲ್ ಬಿಚ್ಚಿ ಪಂಪ್ ಅಂಗಡಿಗೆ ಕೊಡಿ. ನಟ್ ಮೇಲೆ ದಪ್ಪ ಬಟ್ಟೆ ಸುತ್ತಿ, ಕನ್ನಡಕ ಹಾಕಿಕೊಳ್ಳಿ. ಚಿಮ್ಮುವ ಡೀಸೆಲ್‌ಗೆ ಕೈ ಅಡ್ಡ ಹಿಡಿದರೆ ಚರ್ಮದೊಳಗೇ ತೂರುತ್ತದೆ. ಹಾಗಾದರೆ ಗಾಯ ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕಾಮನ್ ರೈಲ್ ಗಾಡಿಗೆ ಈ ಪರೀಕ್ಷೆ ಮಾಡಲೇಬೇಡಿ ಅಂದಿದ್ದು ಇದಕ್ಕೇ. ಅದರಲ್ಲಿ ಒತ್ತಡ 1000 ಬಾರ್ ದಾಟುತ್ತದೆ.

ಆಯಿಲ್ ಹುಡುಕಲು ಇದಕ್ಕಿಂತ ಒಳ್ಳೆಯದು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿಚ್ಚಿ ನೋಡುವುದು. ಅರ್ಧ ದಿನದ ಕೆಲಸ, ಹೊಸ ಪ್ಯಾಕಿಂಗ್ ಖರ್ಚು, ಅಷ್ಟೇ. ಟಾರ್ಚ್ ಹಿಡಿದು ಹೆಡ್‌ನ ಆರು ತೂತುಗಳನ್ನೂ ನೋಡಿ. ಸರಿಯಾಗಿ ಸುಡುವ ಸಿಲಿಂಡರ್‌ನ ತೂತು ಒಣ ಮಸಿಯಿಂದ ಬೂದು-ಕಪ್ಪಗಿರುತ್ತದೆ, ಬೆರಳಿಗೆ ಪುಡಿ ಅಂಟುತ್ತದೆ. ಆಯಿಲ್ ಬರುವ ತೂತು ಹಸಿಯಾಗಿ ಮಿನುಗುತ್ತದೆ, ಮಸಿ ಡಾಂಬರಿನಂತೆ ದಪ್ಪಗೆ ಕೂತಿರುತ್ತದೆ. ಒಂದೇ ತೂತು ಹಸಿಯಾಗಿದ್ದರೆ ಆ ಸಿಲಿಂಡರ್‌ನದೇ ರಿಂಗೋ ಗೈಡೋ. ಆರೂ ಹಸಿಯಾಗಿದ್ದರೆ ಆಯಿಲ್ ಗಾಳಿಯ ದಾರಿಯಲ್ಲೇ ಒಳಗೆ ಬರುತ್ತಿದೆಯಾ ಅಂತ ಮತ್ತೊಮ್ಮೆ ನೋಡಿ, ಇಲ್ಲದಿದ್ದರೆ ಎಲ್ಲಾ ಬೋರೂ ಸವೆದಿವೆ. ಆರೂ ಒಣಗಿದ್ದು, ಟರ್ಬೊ ಆಚೆಯ ಸೈಲೆನ್ಸರ್ ಪೈಪ್ ಮಾತ್ರ ಹಸಿಯಾಗಿದ್ದರೆ ಟರ್ಬೊ. ಇದರ ಮುಂದೆ ಬೇರೆ ವಾದ ಇಲ್ಲ.

ಕಂಪ್ರೆಷನ್ ಗೇಜ್ ಹಾಕಿಸುವುದಾದರೆ ಡೀಸೆಲ್ ಗೇಜ್ ಇರುವ ಕಡೆ ಹಾಕಿಸಿ. ಒಟ್ಟು ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಪೆಟ್ರೋಲ್ ಎಂಜಿನ್‌ಗೆ ಮಾಡುವ ಹಾಗೆ ಸಿಲಿಂಡರ್‌ಗೆ ಆಯಿಲ್ ಸುರಿದು ಮತ್ತೆ ಅಳೆಯಲು ಬಿಡಬೇಡಿ. ಡೀಸೆಲ್‌ನಲ್ಲಿ ಪಿಸ್ಟನ್ ಮೇಲಿನ ಜಾಗ ತೀರಾ ಕಡಿಮೆ. ಆಯಿಲ್ ಸ್ವಲ್ಪ ಜಾಸ್ತಿಯಾದರೂ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಕಪ್ಪು, ಬಿಳಿ

ಕಪ್ಪು ಹೊಗೆಗೆ ಮೊದಲು ಏರ್ ಫಿಲ್ಟರ್, ಆಮೇಲೆ ಟರ್ಬೊದಿಂದ ಮ್ಯಾನಿಫೋಲ್ಡ್ ತನಕದ ಹೋಸ್‌ಗಳು. ಸೋಪು ನೀರು ಹಚ್ಚಿ ರೇಸ್ ಮಾಡಿಸಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಆಮೇಲೆ ನಾಝಲ್, ಕೊನೆಗೆ ಪಂಪ್. ಲೋಡ್‌ನಲ್ಲಿ ಶಿರಾಡಿ ಹತ್ತುವಾಗ ಹಳೇ ಎಂಜಿನ್ ತಿಳಿ ಕಪ್ಪು ಬಿಡುವುದು ಸಹಜ, ಸಮನಾದ ರಸ್ತೆಯಲ್ಲೂ ಬಿಟ್ಟರೆ ಅಲ್ಲ. ಎಳೆತ ಸಿಗಲಿ ಅಂತ ಪಂಪಿಗೆ ಕಂಪನಿ ಹಾಕಿದ ಮುದ್ರೆ (ಸೀಲ್) ಒಡೆದು ಡೀಸೆಲ್ ಏರಿಸುವುದು ನಮ್ಮಲ್ಲಿ ಮಾಮೂಲು. ಸುಡದ ಡೀಸೆಲ್ ಬೋರ್ ಗೋಡೆಯ ಆಯಿಲ್ ಪದರವನ್ನು ತೊಳೆದು ಹಾಕುತ್ತದೆ, ರಿಂಗ್ ಬೇಗ ಸವೆಯುತ್ತದೆ. ಇವತ್ತಿನ ಕಪ್ಪು ಹೊಗೆ ಮುಂದೆ ನೀಲಿ ಆಗುವುದು ಹೀಗೆ. ಎಮಿಷನ್ ಟೆಸ್ಟ್‌ನಲ್ಲೂ ಸಿಕ್ಕಿಬೀಳುತ್ತೀರಿ: ಬಿಎಸ್-4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ ಮಿತಿ 65 ಹಾರ್ಟ್‌ರಿಜ್ ಯೂನಿಟ್ (ಹೊಗೆ ಎಷ್ಟು ದಟ್ಟ ಅನ್ನುವ ಅಳತೆ), ಬಿಎಸ್-4ಕ್ಕೆ 50.

ಬಿಳಿ ಹೊಗೆ ಬೆಳಗಿನ ಚಳಿಯಲ್ಲಿ ಬಂದು ಬಿಸಿಯಾದ ಮೇಲೆ ಹೋದರೆ ತಲೆ ಕೆಡಿಸಿಕೊಳ್ಳಬೇಡಿ. ನಿಲ್ಲದಿದ್ದರೆ, ಡೀಸೆಲ್ ವಾಸನೆ ಇದ್ದರೆ ಪಂಪ್ ಟೈಮಿಂಗ್, ನಾಝಲ್ ನೋಡಿಸಿ. ಸಿಹಿ ವಾಸನೆ ಇದ್ದು ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಹೆಡ್ ಪ್ಯಾಕಿಂಗ್. ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ, ಗುಳ್ಳೆ ಒಂದೇ ಸಮನೆ ಬಂದರೆ ಗ್ಯಾಸ್ ನೀರಿಗೆ ನುಗ್ಗುತ್ತಿದೆ.

ಬೋರ್ ಹೋಗಿದೆ ಅಂತ ಖಚಿತವಾದರೆ

ಯಾಕೆ ಹೋಯಿತು ಅಂತ ಕೇಳಿ. ಏರ್ ಫಿಲ್ಟರ್ ಆಚೆಯ ಪೈಪ್ ಒಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಎಳೆಯಿರಿ. ಧೂಳು ಅಂಟಿದರೆ ಎಂಜಿನ್ ಮಣ್ಣು ತಿಂದಿದೆ. ಸಂಡೂರು, ಹೊಸಪೇಟೆ ಕಡೆ ಅದಿರು ಓಡಿಸಿದ ಗಾಡಿಗಳಲ್ಲಿ ಇದನ್ನು ನೋಡದೆ ಮುಂದೆ ಹೋಗಲೇಬಾರದು. ಸಡಿಲವಾದ ಒಂದು ಕ್ಲಿಪ್, ಹರಿದ ಒಂದು ಹೋಸ್ ಸಾಕು. ಅದನ್ನು ಸರಿ ಮಾಡದೆ ಹೊಸ ರಿಂಗ್ ಹಾಕಿದರೆ ಅವೂ ಅದೇ ಧೂಳಿಗೆ ಹೋಗುತ್ತವೆ.

ಕಮಿನ್ಸ್ 6ಬಿಟಿ ಬ್ಲಾಕ್‌ನಲ್ಲಿ ಕಂಪನಿಯಿಂದ ಲೈನರ್ ಬರುವುದಿಲ್ಲ. ಪಿಸ್ಟನ್ ಓಡುವುದು ಬ್ಲಾಕ್‌ನಲ್ಲೇ ಕೊರೆದ ಬೋರ್‌ನಲ್ಲಿ. ಲೇತ್‌ನಲ್ಲಿ ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ ಹಾಕಬೇಕು, ಇಲ್ಲವೇ ಸ್ಲೀವ್ ಹಾಕಿಸಬೇಕು. "ಲೈನರ್ ಬದಲಿಸಿದರೆ ಆಯ್ತು" ಅನ್ನುವ ಎಸ್ಟಿಮೇಟ್ ಕೊಟ್ಟರೆ ಅವರು ಬ್ಲಾಕ್ ನೋಡಿಲ್ಲ ಅಂತಲೇ ಅರ್ಥ.

ಕೆಲಸ ಮುಗಿದ ಮೇಲೆ ಹೊಸ ಎಂಜಿನ್ ಅಂತ ಗಂಟೆಗಟ್ಟಲೆ ಸ್ಲೋದಲ್ಲಿ ನಿಲ್ಲಿಸಿ ಪೂಜೆ ಮಾಡಬೇಡಿ. ರಿಂಗ್ ಬೋರ್‌ಗೆ ಕೂರಲು ಒತ್ತಡ ಬೇಕು. ಸ್ಲೋದಲ್ಲಿ ಒತ್ತಡ ಇಲ್ಲ, ಬೋರ್ ಗಾಜಿನಂತೆ ಹೊಳಪಾಗಿ ಆಯಿಲ್ ತಿನ್ನಲು ಶುರು ಮಾಡುತ್ತದೆ. ಬಿಸಿ ಮಾಡಿ, ಅರ್ಧ ಲೋಡ್ ಹಾಕಿ, ಆಕ್ಸಿಲರೇಟರ್ ಒತ್ತುತ್ತಾ ಬಿಡುತ್ತಾ ಓಡಿಸಿ. ಮೊದಲ ಆಯಿಲ್, ಫಿಲ್ಟರ್ ಬೇಗ ಬದಲಿಸಿ, ಟ್ಯಾಪೆಟ್ ಮತ್ತೊಮ್ಮೆ ಸೆಟ್ ಮಾಡಿಸಿ. 6ಬಿಟಿಯಲ್ಲಿ ತಣ್ಣಗಿರುವಾಗ ಇನ್‌ಲೆಟ್‌ಗೆ 0.25 ಮಿ.ಮೀ., ಎಕ್ಸಾಸ್ಟ್‌ಗೆ 0.51 ಮಿ.ಮೀ. ಮೊದಲ ಕೆಲವು ಸಾವಿರ ಕಿಲೋಮೀಟರ್ ಆಯಿಲ್ ಸ್ವಲ್ಪ ಇಳಿದರೆ ಗ್ಯಾರೇಜಿಗೆ ಓಡಬೇಡಿ, ರಿಂಗ್ ಇನ್ನೂ ಕೂರುತ್ತಿರುತ್ತದೆ. ಬರೆದಿಡಿ. ಅಂಕಿ ಪ್ರತಿ ಸಾವಿರಕ್ಕೂ ಇಳಿಯುತ್ತಾ ಬಂದರೆ ಕೆಲಸ ಚೆನ್ನಾಗಿದೆ. ಹಾಗೇ ನಿಂತರೆ ಅಥವಾ ಏರಿದರೆ ಆ ಪುಸ್ತಕ ಹಿಡಿದುಕೊಂಡೇ ಮೆಕ್ಯಾನಿಕ್ ಹತ್ತಿರ ಹೋಗಿ.